ಟೆಸ್ಟಿಗೆ ಮುಂಚೆ ಉಪ್ಪುನೀರು

ಹುಚ್ಚಮ್ಮ ಮಾಡಬಾರದ ಕೆಲಸ ಮಾಡಿಬಿಟ್ಟಿದ್ದಳು. ಬೆಳಿಗ್ಗೆ ಎದ್ದವಳೇ ಬಚ್ಚಲ ಬಾಗಿಲು ಹಾಕಿಕೊಂಡು, ಕಾಯಿಸಿ ಆರಿಸಿಟ್ಟಿದ್ದ ಉಪ್ಪುನೀರನ್ನು ಒಂದಲ್ಲ ಎರಡಲ್ಲ, ಮೂರು ಸಲ ಮೂಗಿಗೆ ಬಿಟ್ಟುಕೊಂಡಿದ್ದಳು. ಅದೂ ಟೆಸ್ಟಿಗೆ ಮುಂಚೆ.

ಗೊತ್ತಿಲ್ಲದೆ ಮಾಡಿದ್ದಲ್ಲ. ಅಮೆರಿಕದ ಈ ಫಾಸ್ಟರ್ ಸಿಟಿಯಲ್ಲೆಲ್ಲ ವೈರಸ್ಸು ಹಬ್ಬಿದಂದಿನಿಂದ ಮಗಳು ಸಿಂಧು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದಳು: ಮೊದಲು ಟೆಸ್ಟು, ಆಮೇಲೆ ಉಪ್ಪುನೀರು. "ಮೊದ್ಲೇ ತೊಳ್ದುಬಿಟ್ರೆ ಮೂಗಲ್ಲಿರೋದು ಟೆಸ್ಟಿಗೆ ಸಿಗದೇ ಹೋಗ್ಬಹುದಮ್ಮ." ಆಗ ಹುಚ್ಚಮ್ಮ, "ಮೂಗೇನು ಮುಸುರೆ ಪಾತ್ರೆಯೇನೇ ದಿನಾ ತೊಳಿಯಕೆ?" ಎಂದು ಗೊಣಗಿದ್ದಳು. ಇವತ್ತು ಆ ನೀರೇ ಬೇಕಾಯಿತು ನೋಡಿ!

ಎದ್ದಾಗಿನಿಂದ ಗಂಟಲು ಕೆರೆಯುತ್ತಿತ್ತು. ನಾಳೆ ಊರಿಗೆ ವಿಮಾನ. ಬಾಣಂತನಕ್ಕೆಂದು ಮಂಡ್ಯದಿಂದ ಬಂದವಳು ಇನ್ನೂ ಕೂಸನ್ನು ಮುಟ್ಟಿರಲಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಗು ಎರಡೂವರೆ ತಿಂಗಳು ಆಸ್ಪತ್ರೆಯಲ್ಲಿತ್ತು. ವೈರಸ್ಸಿನ ದೆಸೆಯಿಂದ ಅಜ್ಜಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಿನ್ನೆ ಸಂಜೆ ಮನೆಗೆ ಕಳಿಸುವಾಗ ಡಾಕ್ಟರು, ಒಂದು ನೆಗಡಿಯಾದರೂ ಮತ್ತೆ ಆಸ್ಪತ್ರೆಯೇ ಎಂದಿದ್ದರು. ಹಾಗಾಗಿ ಟೆಸ್ಟು ಮಾಡಿಕೊಳ್ಳದೆ ಕೂಸನ್ನು ಮುಟ್ಟುವ ಹಾಗಿರಲಿಲ್ಲ. ಹುಚ್ಚಮ್ಮನಿಗೆ ಬೇಕಾಗಿದ್ದು ಒಂದೇ ಒಂದು ಸಲ ಮಡಿಲಲ್ಲಿ ಮಲಗಿಸಿಕೊಳ್ಳುವುದು. ಅಷ್ಟೂ ಬೇಡವೇ?

ಟೆಸ್ಟಿನಲ್ಲಿ ಒಂದೇ ಗೆರೆ ಬಂತು.

"ನೆಗೆಟಿವ್ ಕಣಮ್ಮ! ಕೈ ತೊಳ್ಕೊಂಡು ಸೋಫಾ ಮೇಲೆ ಕೂತ್ಕೋ," ಎಂದಳು ಸಿಂಧು. ಅಳಿಯ ರಘು ವಿಡಿಯೋಗೆಂದು ಫೋನು ಎತ್ತಿ ಹಿಡಿದ. ಹುಚ್ಚಮ್ಮ ಮಡಿಲ ಮೇಲೆ ಹಳೇ ನೂಲಿನ ಸೀರೆ ಹಾಸಿಕೊಂಡಳು. ಮಾಸ್ಕು ಹಾಕಿದ್ದೀನಲ್ಲ, ಒಂದೇ ನಿಮಿಷ ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಳು.

ಸಿಂಧು ಕೂಸನ್ನು ಎತ್ತಿಕೊಂಡು ಬಂದು ಬಗ್ಗಿದಳು. ಅದರ ಕೆನ್ನೆಯ ಮೇಲೆ ಆಮ್ಲಜನಕದ ನಳಿಗೆ ಅಂಟಿಸಿದ್ದ ಪಟ್ಟಿಯ ಗುರುತು ಇನ್ನೂ ಕೆಂಪಗಿತ್ತು. ನಡುವೆ ಮೂಗು. ಅದು ಹುಚ್ಚಮ್ಮನ ಕಿರುಬೆರಳಿನ ಉಗುರಿನಷ್ಟೂ ಇರಲಿಲ್ಲ.

"ಬ್ಯಾಡ! ಕೊಡಬ್ಯಾಡ, ಆಚಿಗೋಗು!" ಹುಚ್ಚಮ್ಮ ಎದ್ದು ಗೋಡೆಗೆ ಒತ್ತಿಕೊಂಡಳು. "ಮೊದ್ಲೇ ಮೂಗು ತೊಳ್ಕಂಡ್ಬುಟ್ಟಿದ್ದೆ ಕಣವ್ವ. ಗಂಟ್ಲು ನೋಯ್ತಾ ಅದೆ."

ಸಿಂಧುವಿನ ಮುಖ ಬಿಳಿಚಿಕೊಂಡಿತು. "ಅಮ್ಮಾ! ನಿಂಗೆ ತಲೆ ಕೆಟ್ಟಿದೆಯಾ?" ಎಂದು ಕಿರುಚಿ, ಮಗುವನ್ನು ಅವಚಿಕೊಂಡು ಒಳಗೆ ಹೋಗಿ ಬಾಗಿಲು ಬಡಿದಳು. ಹುಚ್ಚಮ್ಮ ತಾನೇ ಹೋಗಿ ಕೊನೆಯ ಕೋಣೆ ಸೇರಿ ಚಿಲಕ ಹಾಕಿಕೊಂಡಳು. ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು.

ಮಧ್ಯಾಹ್ನ ರಘು ಬಾಗಿಲ ಹತ್ತಿರ ಇಟ್ಟುಹೋದ ಟೆಸ್ಟಿನಲ್ಲಿ ಎರಡು ಗೆರೆ ಬಂದವು. ಹುಚ್ಚಮ್ಮ ಮೂಲೆಯಲ್ಲಿದ್ದ ಸೂಟ್‌ಕೇಸು ನೋಡುತ್ತಾ ಅತ್ತಳು.

ಬಾಗಿಲಾಚೆ ಸಿಂಧುವಿನ ದನಿ ಕೇಳಿತು, ಇನ್ನೂ ಗಡುಸಾಗಿಯೇ ಇತ್ತು. "ಇದನ್ನ ಇಟ್ಕೊಂಡು ನಾಳೆ ಫ್ಲೈಟ್ ಹತ್ತೋ ಹಾಗಿಲ್ಲ. ಟಿಕೆಟ್ಟು ಮೂರು ವಾರ ಮುಂದಕ್ಕೆ ಹಾಕ್ಸಿದೀನಿ."

ಹುಚ್ಚಮ್ಮ ಎದ್ದು ಬಾಗಿಲ ಹತ್ತಿರ ಬಂದಳು.

"ವಾಸಿಯಾದ್ಮೇಲೆ ಕೂಸಿನ ಎಣ್ಣೆಸ್ನಾನ ನೀನೇ ಮಾಡಿಸ್ಬೇಕು. ನಂಗೆ ಬರಲ್ಲ. ಅಲ್ಲೀವರ್ಗೂ ಈ ಕಡೆ ತಲೆ ಹಾಕಿದ್ರೆ ನೋಡು ಮತ್ತೆ!"

ಹುಚ್ಚಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಮೊದ್ಲು ಟೆಸ್ಟು," ಎಂದಳು ಬಾಗಿಲಿಗೆ ಹಣೆಯೊತ್ತಿ. "ಆಮ್ಯಾಕೆ ನೀರು ಕಣವ್ವ."