ಪಾಯಿಂಟ್ ತಪ್ಪಿದ ಸೂಜಿ

ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿ ಮುಗಿಸಿದ ಮೇಲೆ ಡಾಕ್ಟರು ಫೋನ್ ಮಾಡಿ, "ಇನ್ನೊಂದ್ ಸಲ ಚುಚ್ಬೇಕಮ್ಮ" ಅಂದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ? ನನಗಂತೂ ಮೈಯೆಲ್ಲ ಉರಿದುಹೋಯಿತು.

ನಾನು ಮಂಗಮ್ಮ. ಅಂಜನಾಪುರದಲ್ಲಿ ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಕೆಳಗಡೆ ನಾನು ಮತ್ತು ನಮ್ಮ ಯಜಮಾನರು ಗಂಗಾಧರಯ್ಯ. ಒಂದು ದಿನ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಂಥ ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಏನಿಲ್ಲ. ಮಹಡಿ ಮನೆಯ ವನಿತಾ ಹತ್ತಿರ ಬಾಯಿ ಬಿಟ್ಟಿದ್ದೇ ತಡ, ಆ ಹುಡುಗಿ ನನ್ನನ್ನು ಆಟೋದಲ್ಲಿ ತುಂಬಿಕೊಂಡು ಜಯನಗರದ ಡಾಕ್ಟರ್ ಹೇಮಶ್ರೀ ಮುಂದೆ ಕೂರಿಸಿದಳು.

ಅಲ್ಲಿ ಎದೆಯನ್ನು ಎರಡು ಹಲಗೆಗಳ ಮಧ್ಯೆ ಇಟ್ಟು ಒತ್ತಿ ಎಕ್ಸ್‌ರೇ ತೆಗೆದರು. ತಣ್ಣಗಿನ ಜೆಲ್ ಸವರಿ ಸ್ಕ್ಯಾನ್ ಮಾಡಿದರು. ಕೊನೆಗೆ ಗಂಟನ್ನು ಬೆರಳಲ್ಲಿ ಹಿಡಿದು ಸಣ್ಣ ಸೂಜಿ ಹಾಕಿದರು. ಸೂಜಿಯ ರಿಪೋರ್ಟು ಮೊಬೈಲಿಗೇ ಬಂತು. "ಕ್ಯಾನ್ಸರ್ ಕಣ ಕಂಡುಬಂದಿಲ್ಲ ಅಂತಿದೆ ಆಂಟಿ, ಆದ್ರೂ ಡಾಕ್ಟರ್ನ ಒಂದ್ ಮಾತು ಕೇಳೋಣ" ಎಂದಳು ವನಿತಾ. ಕೇಳುವುದೇನು ಬಂತು? ನಾನು ಆಗಲೇ ಬೇಳೆ ಬೇಯಲು ಇಟ್ಟಾಗಿತ್ತು.

ಆಮೇಲೆ ಬಂದದ್ದು ಈ ಫೋನು.

"ಸ್ಕ್ಯಾನಲ್ಲಿ ಕಾಣ್ತಿರೋ ಗಂಟು ನಂಗೆ ಇಷ್ಟ ಆಗ್ತಿಲ್ಲಮ್ಮ. ಅಂಚೆಲ್ಲ ಒರಟಾಗಿದೆ. ಸೂಜಿಲಿ ಬಂದಿರೋದು ಬರೀ ಕೊಬ್ಬು. ಎರಡೂ ಒಂದಕ್ಕೊಂದು ಹೊಂದ್ತಿಲ್ಲ. ಸ್ಕ್ಯಾನ್ ನೋಡ್ಕೊಂಡೇ ಸ್ವಲ್ಪ ದಪ್ಪ ಸೂಜಿ ಹಾಕಿ ಚೂರು ತೆಗೆಯೋಣ" ಎಂದರು ಹೇಮಶ್ರೀ.

"ಗಂಟನ್ನ ಕೆಣಕಿದ್ರೆ ಕೆರಳುತ್ತೆ ಮೇಡಂ."

"ಅದಕ್ಕೆ ಹೆದರ್ಬೇಡಿ. ಗೊತ್ತಾಗ್ದೆ ಸುಮ್ನೆ ಬಿಡೋದಕ್ಕೆ ಹೆದರ್ಬೇಕು."

ಬರುವುದಿಲ್ಲ ಎಂದು ಫೋನಿಟ್ಟೆ. ಒಬ್ಬಟ್ಟು ಹಂಚಿ ಕಳಿಸಿದ ಕಷ್ಟವನ್ನು ಮತ್ತೆ ಎತ್ತಿ ಆಡಿದರೆ ಕರೆದು ಕೂರಿಸಿದ ಹಾಗೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಅತ್ತೆಯ ಮಾತು ಬರೀ ನೆಪ. ನನಗೆ ಸಾಯುವಷ್ಟು ಭಯವಾಗಿತ್ತು.

ನಮ್ಮ ಯಜಮಾನರು ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವಂಥವರು. ಅವತ್ತು ಮಾತ್ರ, "ಇವಳೇ, ಬಾ ಇಲ್ಲಿ" ಎಂದು ಹಿತ್ತಲಿಗೆ ಕರೆದರು. ಕಾಂಪೌಂಡಿನ ಪಕ್ಕ ಕಲ್ಲು ಮುಚ್ಚಿದ್ದ ಹಳೇ ಬೋರ್‌ವೆಲ್ ತೋರಿಸಿದರು.

"ಇದ್ರಲ್ಲಿ ಯಾಕೆ ನೀರು ಬೀಳ್ಲಿಲ್ಲ, ಹೇಳು."

"ಅಯ್ಯೋ, ಈಗ್ಯಾಕ್ರೀ ಅದೆಲ್ಲ? ನೀರು ನೋಡೋರು ಪಾಯಿಂಟ್ ಇಟ್ಟಿದ್ದು ಹುಣಸೆಮರದ ಬುಡದಲ್ಲಿ. ಬೋರ್ ಲಾರಿ ಒಳಗೆ ನುಗ್ಗಲಿಲ್ಲ ಅಂತ ಇಲ್ಲೇ ಕೊರೆಸಿದ್ರಿ. ಬರೀ ಧೂಳು ಬಂತು."

"ನಾನೇನಂದೆ?"

"ನಮ್ ಭೂಮೀಲಿ ನೀರೇ ಇಲ್ಲ ಅಂದ್ರಿ."

"ನೀನೇನಂದೆ?"

'ನೀರಿದೆ ಕಣ್ರೀ, ನೀವು ಕೊರೆಸಿದ್ದು ಪಕ್ಕದಲ್ಲಿ' ಎಂದು ಊರಿಗೆಲ್ಲ ಕೇಳುವಂತೆ ಕಿರುಚಿದವಳು ನಾನೇ. ಬೇಲಿ ಕೀಳಿಸಿ, ಲಾರಿ ಒಳಗೆ ತರಿಸಿ, ಹುಣಸೆಮರದ ಬುಡದಲ್ಲೇ ಕೊರೆಸಿದ್ದೆ. ಇವತ್ತಿಗೂ ಅಷ್ಟು ಮನೆಗೂ ಅದೇ ನೀರು.

"ಸೂಜಿನೂ ಪಕ್ಕದಲ್ಲಿ ಹೋಗಿರ್ಬೋದಲ್ವಾ?" ಎಂದರು. "ನೀನಿಲ್ದೆ ನಾನೇನ್ ಮಾಡ್ಲಿ?"

ಮದುವೆಯಾದಾಗಿನಿಂದ ಆ ಮನುಷ್ಯ ಅಂಥ ಮಾತು ಆಡಿದ್ದೇ ಇಲ್ಲ. ನಾನು ಒಳಗೆ ಹೋಗಿ ಸೀರೆ ಬದಲಿಸಿದೆ.

ಈ ಸಲ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿನ ಪರದೆಯನ್ನು ನನ್ನ ಕಡೆಗೂ ತಿರುಗಿಸಿದರು. ಬೂದು ಬಣ್ಣದ ನಡುವೆ ಒಂದು ಕಪ್ಪು ಚುಕ್ಕೆ. ಸೂಜಿ ಬಿಳಿ ಗೆರೆಯಾಗಿ ಮೆಲ್ಲಗೆ ಅದರ ಹತ್ತಿರ ಹೋಗಿ ಒಳಗೆ ನುಗ್ಗಿತು. ಟಕ್ ಎಂದು ಸದ್ದಾಯಿತು.

"ಇದು ನೋಡಿ ಪಾಯಿಂಟು!" ಎಂದುಬಿಟ್ಟೆ. ಹೇಮಶ್ರೀ ನಗು ತಡೆಯಲಾರದೆ, "ಅಲ್ಲಾಡ್ಬೇಡಿ ಅಮ್ಮ, ಇನ್ನೂ ಎರಡು ಚೂರು ತೆಗೀಬೇಕು" ಎಂದರು.

ರಿಪೋರ್ಟು ಬಂತು. ಅದು ಅದೇ ಆಗಿತ್ತು, ಕ್ಯಾನ್ಸರ್. ಆಸ್ಪತ್ರೆಯ ಕುರ್ಚಿಯಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಅತ್ತೆವು. ನಾಚಿಕೆಯೆಲ್ಲಿಂದ ಬರಬೇಕು ಆಗ? ಹೇಮಶ್ರೀ ಅಳು ಮುಗಿಯುವತನಕ ಕಾದು, "ತುಂಬಾ ಸಣ್ಣದು, ಎಲ್ಲೂ ಹರಡಿದ ಹಾಗೆ ಕಾಣ್ತಿಲ್ಲ. ಗಂಟಷ್ಟೇ ತೆಗೆದು ರೇಡಿಯೇಷನ್, ಅದೇ ಕರೆಂಟ್ ಅಂತಾರಲ್ಲ, ಅದು ಕೊಡಿಸೋಣ. ಒಂದು ವರ್ಷ ಬಿಟ್ಟು ಬಂದಿದ್ರೆ ನಾನು ಹೀಗೆ ಮಾತಾಡ್ತಿರ್ಲಿಲ್ಲ" ಎಂದರು.

ಆಪರೇಷನ್ ಆಯಿತು, ಕರೆಂಟೂ ಮುಗಿಯಿತು. ಚೆಕಪ್ಪಿನಲ್ಲಿ ಎಲ್ಲ ಸರಿಯಿದೆ ಎಂದರು. ಮನೆಗೆ ಬಂದವಳೇ ಸೆರಗು ಸಿಕ್ಕಿಸಿಕೊಂಡು ಬೇಳೆ ಬೇಯಲು ಇಟ್ಟೆ. ಘಮಕ್ಕೆ ವನಿತಾ ಮಹಡಿಯಿಂದ ಓಡಿ ಬಂದಳು.

"ಏನಾಂಟಿ ಮತ್ತೆ ಒಬ್ಬಟ್ಟು? ಹೋದ್ಸಲ ಏನೂ ಸಿಗ್ಲಿಲ್ಲ ಅಂತ ಹಂಚಿದ್ರಿ."

"ಅದು ದಂಡ ಕಣೇ. ಈ ಸಲ ಸಿಕ್ತಲ್ಲ, ಅದಕ್ಕೆ" ಎಂದು ಅವಳ ಬಾಯಿಗೇ ಒಂದು ತುರುಕಿದೆ.

ನಮ್ಮ ಯಜಮಾನರು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಬೋರಲ್ಲಿ ನೀರು ಬಿದ್ದಾಗ್ಲೂ ಇವಳು ಇಷ್ಟೊಂದು ತುಪ್ಪ ಸುರಿದಿರ್ಲಿಲ್ಲ" ಎಂದರು.