ಮೆಲ್ಲಗೆ ಸವರಬೇಕಿತ್ತು

"ಏಳನೇ ಕ್ಲಾಸಲ್ಲೇ ಡುಮ್ಕಿ ಹೊಡೆದೋನು ಈಗ ನಾಯಿ ಡಾಕ್ಟ್ರಂತೆ! ನೋಡ್ರಪ್ಪ, ನಿಮ್ಮತ್ರ ಫೀಸು ಕೇಳಿದ್ರೂ ಕೇಳ್ತಾನೆ!"

ಇಸ್ತ್ರಿ ಅಂಗಡಿಯ ಮುಂದೆ ನಿಂತಿದ್ದ ಗಿರಾಕಿಗಳು ಗೊಳ್ಳೆಂದು ನಕ್ಕರು. ನಕ್ಕವರಿಗೇನು, ಬಟ್ಟೆ ತಗೊಂಡು ಹೋಗುತ್ತಾರೆ. ಅಂದದ್ದು ಸೋದರಮಾವ, ಅಂಗಡಿಯ ಯಜಮಾನ. ಅನ್ನಿಸಿಕೊಂಡವನು ಅಕ್ಕನ ಮಗ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಪಟಾಕಿ. ನೆಲದಲ್ಲಿ ಕೂತು ಮೊಂಡನನ್ನು ತೊಡೆಯ ಮೇಲೆ ಎಳೆದುಕೊಂಡಿದ್ದ.

ಮೊಂಡ ಚಪ್ಪಟೆ ಮೂತಿಯ ಪುಟ್ಟ ನಾಯಿ. ಪಕ್ಕದ ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಹಳೇ ಚಾಪೆಯ ಜೊತೆ ಬಿಟ್ಟುಹೋಗಿದ್ದರು. ಅದೀಗ ಕತ್ತು ಚಾಚಿ, ಮುಂಗಾಲು ಅಗಲಿಸಿ, ಸೀನನ್ನು ಒಳಕ್ಕೇ ಎಳೆದುಕೊಳ್ಳುವಂತೆ ಗೊರ್ ಗೊರ್ ಎನ್ನುತ್ತಿತ್ತು. ಪ್ರಾಣ ಹೋಗುತ್ತಿದೆಯೇನೋ ಅನ್ನಿಸುವ ಸದ್ದು.

"ಹುಚ್ಚುಗಿಚ್ಚು ಹಿಡಿದಿಲ್ಲ ತಾನೆ?" ಎಂದು ಒಬ್ಬ ಹಿಂದೆ ಸರಿದ.

ಇನ್ನೊಮ್ಮೆ ಗಿರಾಕಿಗಳೆದುರು ಹೀಗಾದರೆ ನಾಯಿ ಬೀದಿಗೆ ಎಂದು ಮಾವ ಆಗಲೇ ಎಚ್ಚರಿಸಿದ್ದ. ಅದಕ್ಕೇ ಪಟಾಕಿ ಮೊಬೈಲಿನಲ್ಲಿ ವಿಡಿಯೋ ಹಿಡಿದು, ಮೊಂಡನನ್ನೂ ಎತ್ತಿಕೊಂಡು ನಾಯಿ ಡಾಕ್ಟರ ಹತ್ತಿರ ಹೋಗಿಬಂದಿದ್ದ. ಗಂಟಲಲ್ಲಿ ಏನೂ ಸಿಕ್ಕಿಕೊಂಡಿಲ್ಲ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ ಎಂದಿದ್ದರು ಅವರು. ಗಾಟು ವಾಸನೆ ತಾಗಿಸಬೇಡ. ಬಂದಾಗ ಗಂಟಲು ಮೆಲ್ಲಗೆ ಸವರು, ಮೂಗಿನ ಹೊಳ್ಳೆ ಒಂದು ಕ್ಷಣ ಮುಚ್ಚು, ಎಂಜಲು ನುಂಗಿದರೆ ಸರಿಹೋಗಬಹುದು. ಎಲ್ಲಕ್ಕಿಂತ ಮೊದಲು ನೀನು ಸಮಾಧಾನವಾಗಿರು.

ಗಾಟು ವಾಸನೆ ಬಂದದ್ದು ಮಾವನ ಕೈಯಿಂದಲೇ. ಇಸ್ತ್ರಿಯಾದ ಅಂಗಿಗಳಿಗೆ ಸೆಂಟು ನೀರು ಚಿಮುಕಿಸದಿದ್ದರೆ ಆ ಮನುಷ್ಯನಿಗೆ ಕೆಲಸ ಮುಗಿದಂತೆಯೇ ಅಲ್ಲ.

ಪಟಾಕಿಯ ಬೆರಳು ಗಂಟಲು ಸವರುತ್ತಿತ್ತು. ಗೊರಗೊರ ಇಳಿಯುತ್ತಲೂ ಇತ್ತು. ಅಷ್ಟರಲ್ಲಿ ಈ ಮಾತು, ಈ ನಗು.

"ನಿನ್ನ ಸೆಂಟು ಬಾಟ್ಲಿಗೆ ಬೆಂಕಿ ಹಾಕ! ಎಷ್ಟ್ ಸಲ ಬಡ್ಕೊಂಡೆ ನಿಂಗೆ, ಹೊರಗಡೆ ಹೋಗಿ ಹೊಡಿ ಅಂತ!"

ಕಿರುಚಿದ್ದಲ್ಲದೆ ಮೇಜಿನ ಕಾಲಿಗೆ ಗುದ್ದಿದ. ಮೇಲಿದ್ದ ಇಸ್ತ್ರಿ ಪೆಟ್ಟಿಗೆ ಅದುರಿತು. ಮೊಂಡ ತೊಡೆಯಿಂದ ಹಾರಿ ಮೇಜಿನಡಿಯ ಮೂಲೆಗೆ ನುಗ್ಗಿ, ಮೊದಲಿಗಿಂತ ಜೋರಾಗಿ ಗೊರಗೊರ ಉಸಿರೆಳೆಯತೊಡಗಿತು. ಅವನು ಕೈ ಚಾಚಿದಷ್ಟೂ ಗೋಡೆಗೆ ಒತ್ತಿಕೊಂಡಿತು.

ಬಟ್ಟೆ ಒಯ್ಯಲು ಬಂದಿದ್ದ ನರ್ಸಮ್ಮ ಚೀಲ ಇಟ್ಟು ನೆಲಕ್ಕೆ ಕೂತರು. ಪಟಾಕಿ ಮಾಡುತ್ತಿದ್ದುದನ್ನು ಅವರು ನೋಡಿದ್ದರು.

"ಬಾ ಮರಿ, ಏನಿಲ್ಲ, ಏನೂ ಇಲ್ಲ..."

ಅದೇ ಸವರುವಿಕೆ, ಆದರೆ ತಣ್ಣನೆಯ ದನಿ. ಮೊಂಡ ಗುಟುಕ್ಕೆಂದು ನುಂಗಿತು. ಸದ್ದು ನಿಂತಿತು. ಅವರ ಮಡಿಲಲ್ಲೇ ಮೂತಿ ಹುದುಗಿಸಿತು. ಮಾವನ ಮಾತನ್ನು ಅಷ್ಟು ಹೊತ್ತು, ಬರೀ ಅಷ್ಟು ಹೊತ್ತು, ತಡೆದುಕೊಂಡಿದ್ದರೆ ಆ ಮಡಿಲು ತನ್ನದಾಗಿರುತ್ತಿತ್ತು ಅನ್ನಿಸಿತು ಪಟಾಕಿಗೆ.

"ನೀವೇ ಇಟ್ಕೊಂಬಿಡಿ ನರ್ಸಮ್ಮ," ಅಂದ ಮಾವ. "ಇಲ್ಲಂತೂ ಇದಕ್ಕೆ ಇನ್ನು ಜಾಗ ಇಲ್ಲ."

"ನಾನು ಚೆನ್ನಾಗಿ ನೋಡ್ಕೋತೀನಿ. ನಮ್ಮನೇಲಿ ಗಲಾಟೆ ಇಲ್ಲ." ಅವರು ಪಟಾಕಿಯ ಕಡೆ ತಿರುಗಿದರು. "ಆದ್ರೆ ನೀನು ಹೂಂ ಅನ್ಬೇಕಪ್ಪ."

ಕೊಡಲ್ಲ, ಅದು ನಂದು ಎಂಬ ಮಾತು ನಾಲಿಗೆ ತುದಿಗೆ ಬಂತು. ಮೆಲ್ಲಗೆ ಹೊರಬೀಳುವ ಮಾತಲ್ಲ ಅದು. ಅವನು ಬಾಯಿ ತೆರೆದದ್ದಷ್ಟೇ, ಮೊಂಡನ ಕಿವಿಗಳು ಹಿಂದಕ್ಕೆ ಮಡಚಿಕೊಂಡವು.

"ಏನ್ ಡಾಕ್ಟ್ರೇ, ಬಾಯಿ ಬಿದ್ದೋಯ್ತಾ?" ಮಾವ ಕೆಣಕಿದ.

ಮೊಂಡನ ಕತ್ತು ಬಿಗಿಯದಿರಲೆಂದು ಹಳೇ ಪ್ಯಾಂಟಿನ ಬಟ್ಟೆಯಲ್ಲಿ ತಾನೇ ಹೊಲಿದಿದ್ದ ಎದೆಪಟ್ಟಿ ಮೊಳೆಯಲ್ಲಿ ತೂಗುತ್ತಿತ್ತು. ಪಟಾಕಿ ಅದನ್ನು ತೆಗೆದು ನರ್ಸಮ್ಮನ ಚೀಲದ ಮೇಲಿಟ್ಟ. ಚಪ್ಪಲಿಯ ಸದ್ದೂ ಆಗದ ಹಾಗೆ ಮೆಟ್ಟಿಲಿಳಿದು ನಡೆದುಬಿಟ್ಟ.