ಕೊಡೆ ಕದ್ದವನ ಸರದಿ

ಅಮ್ಮನ ಬೈಬಲನ್ನು ತಲೆಕೆಳಗು ಮಾಡಿ ಅಣ್ಣ ಮೂರನೆಯ ಸಲ ಜಾಡಿಸಿದ. ಒಂದು ಸೂಜಿ, ದಾರದ ತುಂಡು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚೂರು ಮಂಚದ ಮೇಲೆ ಬಿದ್ದವು. ಪಟ್ಟಿ ಬೀಳಲಿಲ್ಲ.

“ಅಮ್ಮ ಅದನ್ನ ಯಾವತ್ತೂ ಬರೆದಿಟ್ಟಿಲ್ಲ,” ಎಂದಳು ಬಾಗಿಲಿಗೆ ಒರಗಿ ನಿಂತಿದ್ದ ತಂಗಿ. “ಎಷ್ಟು ಸಲ ಹೇಳೋದು?”

“ನಲವತ್ಮೂರು ಜನರನ್ನ ತಲೇಲಿ ಇಟ್ಕೊಂಡಿದ್ಲಾ?”

“ನಾನೂ ಇಟ್ಕೊಂಡಿದೀನಿ. ಹಸಿವು ಕಲಿಸಿದ್ದು ಮರೆಯಲ್ಲ.”

ಹೊರಗಿನ ಕೋಣೆಯಲ್ಲಿ ಅಮ್ಮ ಪೆಟ್ಟಿಗೆಯೊಳಗೆ ಮಲಗಿದ್ದಳು. ಮೂವತ್ತನಾಲ್ಕು ವರ್ಷ ದರ್ಜಿಯ ಅಂಗಡಿಯ ಮೂಲೆಯಲ್ಲಿ ಕೂತು ಊರವರ ಅಂಗಿಗಳಿಗೆಲ್ಲ ಗುಂಡಿಯ ಕಾಜಾ ಹೊಲಿದ ಬೆರಳುಗಳು ಈಗ ಒಂದರ ಮೇಲೊಂದು ಸುಮ್ಮನಿದ್ದವು. ಬೆಳಿಗ್ಗೆಯಿಂದ ಬಂದವರೆಲ್ಲ ಒಂದು ಹೂವಿಟ್ಟು, ಕಣ್ಣೊರೆಸಿಕೊಂಡು, ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳುತ್ತಿದ್ದರು. ಅಮ್ಮ ದಿನಾ ಪ್ರಾರ್ಥಿಸುತ್ತಿದ್ದವರ ಪಟ್ಟಿ ಇನ್ನು ಇವಳ ಹತ್ತಿರವೇ ತಾನೇ? ಅಮ್ಮನೇ ಹಾಗೆಂದಿದ್ದಳಂತೆ. ಹಾಲಿನಂಗಡಿಯವಳು, ಹಡಗಿನ ಕೆಲಸಕ್ಕೆ ಹೋಗಿ ನಾಲ್ಕು ವರ್ಷದಿಂದ ಸುದ್ದಿಯೇ ಇಲ್ಲದ ತನ್ನ ಮಗನ ಹುಟ್ಟಿದ ದಿನವನ್ನೂ ಹೇಳಿಹೋದಳು, ದೇವರಿಗೆ ಗುರುತು ಹತ್ತಲಿ ಎಂದು. ದರ್ಜಿ, ಎಡಗಣ್ಣಿನ ಪೊರೆ ಬಲಗಣ್ಣಿಗೂ ಬಂದಿದೆ, ಸ್ವಲ್ಪ ತಿದ್ದಿಕೊಳ್ಳಬೇಕು ಎಂದ, ಗಿರಾಕಿಯ ಅಳತೆ ಬದಲಾದ ಹಾಗೆ.

ಮಗಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ಅವಳು. ಹನ್ನೊಂದು ವರ್ಷದಿಂದ, ಮದುವೆ ಸಾವು ಬಿಟ್ಟರೆ, ಚರ್ಚಿನ ಮೆಟ್ಟಿಲು ಹತ್ತಿದವಳಲ್ಲ. ನಂಬದ ಮಾತನ್ನು ಆಡಬಾರದು ಎಂಬ ಒಂದೇ ನೇಮ ಅವಳದು. ತನ್ನ ಆರು ವರ್ಷದ ಮಗಳು ಪುಟ್ಟಿಯನ್ನೂ ಹಾಗೆಯೇ ಬೆಳೆಸಿದ್ದಳು. ಈಗ ಹೂಂ ಎಂದರೆ ಸುಳ್ಳು, ಊಹೂಂ ಎಂದರೆ ಹೆಣದ ಮುಂದೆ ನಿಂತು ನಲವತ್ಮೂರು ಜನರ ಕೈ ಬಿಟ್ಟಂತೆ. ಅಣ್ಣನಾದರೋ ಗಣಿತದ ಮೇಷ್ಟ್ರು, ಚರ್ಚಿನ ಸಭೆಯ ಕಾರ್ಯದರ್ಶಿ, ಒಂದು ಭಾನುವಾರವನ್ನೂ ತಪ್ಪಿಸಿದವನಲ್ಲ. ಅವನನ್ನು ಬಿಟ್ಟು ಅಮ್ಮ ಇವಳ ಕೊರಳಿಗೆ ಕಟ್ಟಿದ್ದಳು. ಅದು ಅವನಿಗೂ ನುಂಗಲಾರದ ತುತ್ತಾಗಿತ್ತು.

“ಸರಿ, ನೀನು ಹೇಳು, ನಾನು ಬರ್ಕೋತೀನಿ,” ಎಂದು ಅವನು ಪೆನ್ನು ತೆಗೆದ.

ಪೀಡೆ ತೊಲಗಿತು ಎಂದುಕೊಂಡು ಅವಳು ಶುರುಮಾಡಿದಳು. ದರ್ಜಿಯ ಕಣ್ಣು. ಪೋಸ್ಟ್‌ಮ್ಯಾನಿನ ಮಂಡಿ.

“ಅವರು ಹೋಗಿ ಎಂಟು ವರ್ಷ ಆಯ್ತಲ್ಲೇ. ಇನ್ನೆಲ್ಲಿ ಮಂಡಿ?” ಅಣ್ಣ ಗೀಟು ಹಾಕಿದ. ಮೇಲಿನ ಮನೆಯ ಬಾಣಂತಿ ಎಂದಾಗ, ಆ ಮಗುವಿಗೆ ಈಗ ಮೀಸೆ ಬಂದಿದೆ ಎಂದು ಅದನ್ನೂ ಹೊಡೆದ. ಐದನೆಯದಕ್ಕೆ ಬರುವಷ್ಟರಲ್ಲಿ ಮೂರು ಗೀಟು ಬಿದ್ದಿದ್ದವು. ತಂಗಿ ಕಾಗದವನ್ನು ಕಿತ್ತುಕೊಂಡು ಮುದ್ದೆ ಮಾಡಿದಳು. ಯಾಕೆ ಎಂದು ಅವನು ಕೇಳಿದ. ಅವಳಿಗೂ ಗೊತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

*

ಆಗ ಅವಳಿಗೆ ಏಳು ವರ್ಷ, ಅಣ್ಣನಿಗೆ ಹತ್ತು. ಅಂಗಡಿಯಿಂದ ಬಂದು ಅಡುಗೆ ಮಾಡಿದ ಅಮ್ಮ, ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು, ಮುಚ್ಚಳದ ಮೇಲೆ ಅಂಗೈಯೂರಿ, ಮೊಣಕಾಲೂರುತ್ತಿದ್ದಳು. ಆಮೆನ್ ಎನ್ನುವ ತನಕ ಮುಚ್ಚಳ ಏಳುವಂತಿಲ್ಲ. ಏಳು ಸಮುದ್ರದಾಚೆ ಗಿಳಿಯೊಳಗಿರುವ ರಾಕ್ಷಸನ ಪ್ರಾಣದಂತೆ ಊಟವು ಅಷ್ಟೂ ಜನರ ಆಚೆ ಇರುತ್ತಿತ್ತು. ಹಗಲೆಲ್ಲ ಒಂದು ಕಾಜಾಕ್ಕೆ ಒಬ್ಬರಂತೆ ನೆನೆದದ್ದು ಸಾಲದೆ, ಅಮ್ಮ ಎಲ್ಲರನ್ನೂ ಮತ್ತೊಮ್ಮೆ ಕರೆತಂದು ದೇವರ ಮುಂದೆ ನಿಲ್ಲಿಸುತ್ತಿದ್ದಳು. ಸೇರಿಸುವುದು ಗೊತ್ತಿತ್ತೇ ಹೊರತು ಅವಳಿಗೆ ಕಳೆಯುವುದು ಗೊತ್ತಿರಲಿಲ್ಲ.

ಅಣ್ಣ ಭಕ್ತಿಯಿಂದ ಕಣ್ಣು ಮುಚ್ಚುತ್ತಿದ್ದ. ಮುಚ್ಚಿದ್ದೇ ತಡ ನಿದ್ದೆ. ಇವಳು ಕಣ್ಣು ಬಿಟ್ಟುಕೊಂಡು, ಮುಚ್ಚಳವನ್ನೇ ನೋಡುತ್ತ, ಒಬ್ಬೊಬ್ಬರಿಗೆ ಒಂದೊಂದು ಬೆರಳು ಮಡಚುತ್ತಿದ್ದಳು. ಬೆರಳು ಮುಗಿದರೆ ಮತ್ತೆ ಮೊದಲಿಂದ.

ಎಲ್ಲರಿಗಿಂತ ಕೊನೆಯವನು ಕೊಡೆ ಕದ್ದವನು. ಒಂದು ಮಳೆಯ ಭಾನುವಾರ ಚರ್ಚಿನ ಬಾಗಿಲಲ್ಲಿಟ್ಟಿದ್ದ ಅಮ್ಮನ ಹೊಸ ಕೊಡೆಯನ್ನು ಯಾರೋ ಹೊಡೆದುಕೊಂಡು ಹೋಗಿದ್ದರು. ಮೂವರೂ ತೊಯ್ದು ತೊಪ್ಪೆಯಾಗಿ ಮನೆಗೆ ಬಂದರು. ಕದ್ದವನು ನಮ್ಮ ಸಭೆಯವನೇ, ಹೊರಗಿನವನಿಗೆ ಅಷ್ಟು ಹೊತ್ತು ಪಾದ್ರಿಗಳ ಪ್ರಸಂಗ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು ಎಂದು ಅಮ್ಮ ದಾರಿಯುದ್ದಕ್ಕೂ ಬೈದಳು. ಆದರೆ ಅಂದಿನಿಂದಲೇ ಅವನೂ ಪಟ್ಟಿ ಸೇರಿದ. ಆಮೇಲೆ ಯಾರನ್ನು ಸೇರಿಸಿದರೂ ಅವನ ಹಿಂದೆ ಅಲ್ಲ, ಮುಂದೆಯೇ.

“ಅವನೇ ಯಾಕಮ್ಮ ಯಾವಾಗಲೂ ಕೊನೆಗೆ?”

“ಊಟ ಹತ್ತಿರ ಬಂದಾಗ ಮನಸ್ಸು ಸ್ವಲ್ಪ ಮೆತ್ತಗಾಗುತ್ತೆ ಕಣೇ. ಮೊದಲೇ ಇಟ್ಕೊಂಡ್ರೆ ಅವನಿಗೋಸ್ಕರ ನನಗೆ ಬಾಯೇ ಬರಲ್ಲ.”

*

ಚರ್ಚಿನಲ್ಲಿ ಎಲ್ಲವೂ ಅಣ್ಣನ ಏರ್ಪಾಟಿನಂತೆ ನಡೆಯಿತು. ಪಾದ್ರಿಗಳು ಅಮ್ಮನನ್ನು ಪ್ರಾರ್ಥನೆಯ ಸ್ತಂಭ ಎಂದರು. ಜೀವನವಿಡೀ ಬಗ್ಗಿ ಕೂತವಳನ್ನು ಸ್ತಂಭ ಎನ್ನುತ್ತಾರಲ್ಲ ಎಂದು ಮಗಳು ಹಲ್ಲು ಕಚ್ಚಿದಳು. ಹಾಡು ಬಂದಾಗ ಅವಳು ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿ ಪುಟ್ಟಿಯೂ ತೆರೆಯಲಿಲ್ಲ. ತಾಯಿಯ ತುಟಿಯನ್ನು ನೋಡಿ ತನ್ನದನ್ನೂ ಬಿಗಿಹಿಡಿದಿದ್ದಳು.

ಮಣ್ಣು ಹಾಕಿ ತಿರುಗುವಾಗ ಪೋಸ್ಟ್‌ಮ್ಯಾನಿನ ಹೆಂಡತಿ ಕೈ ಹಿಡಿದುಕೊಂಡಳು. ಇವರದೂ ಶುರುವಾಯಿತು ಎಂದುಕೊಂಡ ಮಗಳು, ಪೋಸ್ಟ್‌ಮ್ಯಾನ್ ಹೋದದ್ದನ್ನೂ ಮರೆತು, ಮಂಡಿಯ ವಿಷಯ ಅಣ್ಣನಿಗೇ ಹೇಳಿಬಿಡಿ, ಪಟ್ಟಿ ಅವನು ನೋಡಿಕೊಳ್ಳುತ್ತಾನೆ ಎಂದಳು.

“ಮಂಡಿ ಎಲ್ಲಿದೆ ತಾಯಿ, ಮನುಷ್ಯನೇ ಇಲ್ಲ. ನಿಮ್ಮಮ್ಮಂಗೂ ಹೇಳಿದೆ, ಇನ್ನು ಬಿಟ್ಟುಬಿಡಿ ಅಂತ. ಅವಳು ಬಿಡಲಿಲ್ಲ.” ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡಳು. “ದಿನಕ್ಕೊಂದು ಸಲ ಯಾರೋ ಒಬ್ಬರು ಅವರ ಸುದ್ದಿ ಎತ್ತುತ್ತಾರೆ ಅನ್ನೋದೊಂದಿತ್ತು ನನಗೆ. ಅಷ್ಟೇ.”

ಮಗಳು ಕೈ ಬಿಡಿಸಿಕೊಂಡಳು.

*

ಹೋದ ವಾರ ಆಸ್ಪತ್ರೆಯ ಮಂಚದ ಮೇಲೆ ಅಮ್ಮ ಅದನ್ನು ಹೇಳಿದ್ದು ಬಟ್ಟೆ ಒಣಹಾಕಲು ಹೇಳಿದಂತೆ. ಪಟ್ಟಿ ನೀನು ನೋಡಿಕೋ. ಆಗುವುದಿಲ್ಲ, ನನಗೆ ನಂಬಿಕೆಯಿಲ್ಲ ಎಂದು ಮಗಳು ಅಂದಿದ್ದಳು. ಅಣ್ಣನಿಗೆ ಕೊಡು.

“ಅವನು ನಿದ್ದೆ ಮಾಡ್ತಿದ್ದ. ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯ?” ಅಮ್ಮ ಉಸಿರೆಳೆದುಕೊಂಡಳು. “ನಂಬೋ ಕೆಲಸ ಎಲ್ಲಾ ನಾನು ಮಾಡಿಟ್ಟಿದೀನಿ. ನೀನು ಇಲ್ಲಿ ಎಕ್ಸ್‌ರೇ ಕೋಣೆ ಬಾಗಿಲಲ್ಲಿ ನಿಂತು ಸರದಿ ಕೂಗಲ್ವಾ? ಹಾಗೆ ಕೂಗು, ಸಾಕು.”

“ಆಗಲ್ಲಮ್ಮ.”

ಅದೇ ಕೊನೆಯ ಮಾತು. ಎರಡನೆಯ ಪಾಳಿಗೆ ಹೊತ್ತಾಗಿತ್ತೆಂದು ಅವಳು ಎದ್ದುಬಂದಿದ್ದಳು.

*

ಸ್ಮಶಾನದಿಂದ ಬಂದು ಕೈಕಾಲು ತೊಳೆದುಕೊಂಡವರಲ್ಲಿ ಹತ್ತು ಹನ್ನೆರಡು ಮಂದಿ ಊಟಕ್ಕೆ ಉಳಿದರು. ಅಮ್ಮನ ಅದೇ ಪಾತ್ರೆ, ಅದೇ ಮೇಜು. ಅಣ್ಣ ಮುಚ್ಚಳದ ಮೇಲೆ ಅಂಗೈಯಿಟ್ಟು ಪ್ರಾರ್ಥಿಸಿದ. ಒಳ್ಳೆಯ ಪ್ರಾರ್ಥನೆ, ಅಚ್ಚುಕಟ್ಟು, ಅರ್ಧ ನಿಮಿಷವೂ ಆಗಲಿಲ್ಲ. ಆಮೆನ್ ಎಂದ.

ಯಾರೂ ಆಮೆನ್ ಎನ್ನಲಿಲ್ಲ. ದರ್ಜಿ ಪೊರೆಗಣ್ಣುಗಳನ್ನು ಮುಚ್ಚಿಕೊಂಡೇ ಇದ್ದ. ಹಾಲಿನಂಗಡಿಯವಳು, ಪೋಸ್ಟ್‌ಮ್ಯಾನಿನ ಹೆಂಡತಿ, ಎಲ್ಲರೂ ತಲೆಬಗ್ಗಿಸಿ ಕೂತಿದ್ದರು, ತಡವಾದ ಬಸ್ಸಿಗೆ ಕಾಯುವವರಂತೆ. ಅಣ್ಣ ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಆಮೆನ್ ಎಂದ. ಪಾತ್ರೆಯಂಚಿನಿಂದ ಸಣ್ಣಗೆ ಹಬೆ ಬರುತ್ತಿತ್ತು. ಅವನು ಮುಚ್ಚಳವನ್ನು ಎತ್ತಲಿಲ್ಲ. ತಂಗಿಯ ಕಡೆ ನೋಡಿದ. ಆ ಮುಖದಲ್ಲಿ ಕಾರ್ಯದರ್ಶಿ ಇರಲಿಲ್ಲ.

“ಕೈ ಏಳ್ತಿಲ್ಲ ಕಣೇ,” ಎಂದ ಮೆಲ್ಲಗೆ.

“ಎಲ್ಲಾ ಸೇರ್ಕೊಂಡು ನನ್ನ ಜೀವ ತಿನ್ನಿ,” ಎಂದು ಅವಳು ಅವನ ಕೈಯನ್ನು ಸರಿಸಿ, ಮುಚ್ಚಳದ ಮೇಲೆ ತನ್ನ ಎಡಗೈಯನ್ನು ಇಟ್ಟಳು. ಕಣ್ಣು ಮುಚ್ಚಲಿಲ್ಲ. “ಇದು ಪ್ರಾರ್ಥನೆ ಅಲ್ಲ, ಹೇಳಿಬಿಟ್ಟಿದೀನಿ. ಸರದಿ ಕೂಗ್ತಿದೀನಿ, ಅಷ್ಟೆ.”

ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಕೂಗುವ ಅದೇ ಒಣ ದನಿಯಲ್ಲಿ ಶುರುವಾಯಿತು.

“ದರ್ಜಿ. ಕಣ್ಣು. ಎರಡೂ.”

ದರ್ಜಿ ತಲೆಯಾಡಿಸಿದ.

“ಪೋಸ್ಟ್‌ಮ್ಯಾನ್. ಮಂಡಿ.”

ಅಣ್ಣ ಗೀಟು ಹಾಕಲಿಲ್ಲ. ಮೇಲಿನ ಮನೆಯ ಬಾಣಂತಿ ಬಂದಳು, ಅವಳ ಹಿಂದೆ ಪಕ್ಕದ ಮನೆಯವನ ಬಾಯಿಗೆ ಬೇಕಾದ ಕಡಿವಾಣ ಬಂತು, ಹಡಗಿನ ಹುಡುಗ ಹುಟ್ಟಿದ ದಿನದ ಸಮೇತ ಬಂದ. ದನಿ ಎಲ್ಲೂ ಮೆತ್ತಗಾಗಲಿಲ್ಲ. ಊಟ ಆರುತ್ತಿತ್ತು. ಕೊಡೆ ಕದ್ದವನು ಇನ್ನೂ ಬಹಳ ದೂರವಿದ್ದ.

ಅಂಗೈಯ ಕೆಳಗೆ ಮುಚ್ಚಳ ಬೆಚ್ಚಗಿತ್ತು. ಪಕ್ಕದಲ್ಲಿ ಪುಟ್ಟಿ ಕಣ್ಣು ಬಿಟ್ಟುಕೊಂಡು, ಆ ಮುಚ್ಚಳವನ್ನೇ ನೋಡುತ್ತ, ಒಬ್ಬೊಬ್ಬರಿಗೆ ಒಂದೊಂದು ಬೆರಳು ಮಡಚುತ್ತಿದ್ದಳು. ಹತ್ತನೆಯವರಿಗೆ ಎರಡು ಕೈಯೂ ಮುಷ್ಟಿಯಾದವು. ಹನ್ನೊಂದನೆಯವರ ಸರದಿ ಬಂದಾಗ ಒಂದು ಗಳಿಗೆ ತಡವರಿಸಿ, ತಾಯಿಯ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅದರ ಕಿರುಬೆರಳನ್ನು ಮಡಚಿದಳು.